ಮೀನಮೇಷ ಎಣಿಸುತ್ತಾ ಕಳೆದ ಹನ್ನೊಂದು ತಿಂಗಳು

ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಮುಂದಿನ ಜಿಪ್ಪಿನೊಳಗೆ ಒಂದು ಚೀಟಿ ಹನ್ನೊಂದು ತಿಂಗಳು ಇತ್ತು. ಅದರ ಜೊತೆ ಎರಡು ಹೇರ್‌ಪಿನ್ನು, ಯಾವುದೋ ಮದುವೆಯಲ್ಲಿ ಕೊಟ್ಟ ಅಡಿಕೆ ಪೊಟ್ಟಣ, ಮುಚ್ಚಳ ಕಳೆದುಹೋದ ಒಂದು ಪೆನ್ನು. ಹೋದ ವರ್ಷ ಫೆಬ್ರವರಿಯಲ್ಲಿ ಆಫೀಸಿನಲ್ಲಿ ಹೆಲ್ತ್ ಕ್ಯಾಂಪ್ ಇಟ್ಟಿದ್ದರು. ಕ್ಯಾಂಟೀನಿನಲ್ಲಿ ಬಿಸಿಬೇಳೆಬಾತ್ ತಿಂದು ನೇರ ಹೋಗಿ ಬೆರಳು ಚುಚ್ಚಿಸಿಕೊಂಡೆ. 168 ತೋರಿಸಿತು. ಅಲ್ಲಿ ಕೂತಿದ್ದ ಡಾಕ್ಟರ್, ‘ಊಟ ಆದ ಮೇಲಿನದು, ಇದೊಂದರಿಂದ ಏನೂ ಹೇಳಕ್ಕಾಗಲ್ಲ. ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ?’ ಅಂದರು. ‘ಅಪ್ಪಂಗಿದೆ’ ಅಂದೆ. ಫಾಸ್ಟಿಂಗ್ ಶುಗರ್, ಎಚ್‌ಬಿಎ1ಸಿ ಅಂತ ಬರೆದು, ‘ಈ ವಾರದಲ್ಲೇ ಮಾಡಿಸಿಬಿಡಿ’ ಅಂತ ಚೀಟಿ ಕೈಗೆ ಕೊಟ್ಟರು.

ಆ ವಾರ ರಿಲೀಸ್ ಇತ್ತು. ಮುಂದಿನ ವಾರ ಕಸಿನ್ ನಿಶ್ಚಿತಾರ್ಥ. ಅದರ ಮುಂದಿನ ವಾರ ಏನಿತ್ತು ಅಂತ ಈಗ ನೆನಪಿಲ್ಲ, ಏನೂ ಇರಲಿಲ್ಲ ಅನ್ಸುತ್ತೆ.

ನಾನು ಆ ಟೆಸ್ಟಿನ ಬಗ್ಗೆ ಯೋಚಿಸಲಿಲ್ಲ ಅಂತ ಅಂದ್ಕೋಬೇಡಿ. ಯೋಚಿಸಿದ್ದು ಅಷ್ಟಿಷ್ಟಲ್ಲ. ರಾತ್ರಿ ಮಲಗುವಾಗ ಮೊಬೈಲ್ ಹಿಡಿದು ಎಲ್ಲವನ್ನೂ ಓದುತ್ತಿದ್ದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅದರೊಳಗಿನ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು ಅಳೆಯೋದೇ ಎಚ್‌ಬಿಎ1ಸಿ, ಹಾಗಾಗಿ ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತೆ. ಟೆಸ್ಟಿನ ಹಿಂದಿನ ದಿನ ಸ್ವೀಟ್ ಬಿಟ್ಟು ಅದನ್ನು ಏಮಾರಿಸೋಕೆ ಆಗಲ್ಲ. 5.7ಕ್ಕಿಂತ ಕಡಿಮೆ ಇದ್ದರೆ ಸರಿ. 5.7ರಿಂದ 6.4ರವರೆಗೆ ಅಂಚಿನಲ್ಲಿದ್ದೀರಿ ಅಂತ, ಪ್ರಿಡಯಾಬಿಟಿಸ್ ಅಂತಾರಲ್ಲ, ಅದು. 6.5 ದಾಟಿದರೆ ಸಕ್ಕರೆ ಕಾಯಿಲೆ. ಇಷ್ಟೂ ನನಗೆ ಬಾಯಿಪಾಠ ಆಗಿತ್ತು. ಗೊತ್ತಿಲ್ಲದೆ ಇದ್ದದ್ದು ಒಂದೇ ನಂಬರ್, ನನ್ನದು.

ಕನ್ನಡದಲ್ಲಿ ಇದಕ್ಕೆ ಒಳ್ಳೇ ಮಾತೇ ಇದೆ, ಮೀನಮೇಷ ಎಣಿಸೋದು. ರಾಶಿಚಕ್ರದಲ್ಲಿ ಮೀನ ಕೊನೆಯದು, ಮೇಷ ಮೊದಲನೆಯದು. ಕೊನೆಗೆ ಬಂದು ಮುಟ್ಟಿದೆ ಅನ್ನುವಷ್ಟರಲ್ಲಿ ಮತ್ತೆ ಮೊದಲಿಂದ ಶುರು. ನನ್ನ ಹನ್ನೊಂದು ತಿಂಗಳು ಹೀಗೇ ಸುತ್ತಿದವು. ಟೆಸ್ಟ್ ಒಂದೇ ಆಗಿದ್ದರೆ ಬಿಡಿ, ಆಫೀಸಿನಲ್ಲೂ ಅದೇ ಕಥೆ ನಡೀತಿತ್ತು.

ಆರು ವರ್ಷದಿಂದ ಒಂದೇ ಪ್ರಾಜೆಕ್ಟಿನಲ್ಲಿ ಟೆಸ್ಟಿಂಗ್ ಮಾಡ್ತಿದ್ದೀನಿ. ಕೆಲಸ ಕೆಟ್ಟದ್ದೇನಲ್ಲ. ಬೆಳಗ್ಗೆ ಹತ್ತಕ್ಕೆ ಮೀಟಿಂಗ್, ಹಳೇ ಬಗ್ಗು, ಹೊಸ ಬಗ್ಗು, ಸಂಜೆ ರಿಪೋರ್ಟು. ಕಣ್ಣು ಮುಚ್ಚಿ ಮಾಡಬಹುದಾದ ಕೆಲಸ, ಕೊನೆಕೊನೆಗೆ ಹಾಗೇ ಮಾಡ್ತಿದ್ದೆ. ಅದೇ ಸಮಯಕ್ಕೆ, ಮಾರ್ಚ್ ತಿಂಗಳಲ್ಲಿ, ನಮ್ಮದೇ ಕಂಪನಿಯ ಡೇಟಾ ಟೀಮಿನಲ್ಲಿ ಒಂದು ಜಾಗ ಖಾಲಿ ಆಯ್ತು. ಒಳಗಿನವರೇ ಅರ್ಜಿ ಹಾಕಬಹುದಿತ್ತು. ನಾನು ಎರಡು ವರ್ಷದಿಂದ ಭಾನುವಾರಗಳಲ್ಲಿ ಕಲೀತಿದ್ದದ್ದು ಇದೇ ಕೆಲಸಕ್ಕೆ.

ಅರ್ಜಿ ಹಾಕಿದ್ನಾ? ಇಲ್ಲ, ಒಂದು ಎಕ್ಸೆಲ್ ಶೀಟ್ ಮಾಡಿದೆ. ಎಡಗಡೆ ಇಲ್ಲೇ ಇದ್ದರೆ ಏನು ಲಾಭ, ಬಲಗಡೆ ಅಲ್ಲಿಗೆ ಹೋದರೆ ಏನು ಲಾಭ. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಸಂಬಳ, ಕಲಿಕೆ, ಮ್ಯಾನೇಜರ್ ಸ್ವಭಾವ, ಮನೆಯಿಂದ ಕೆಲಸ ಮಾಡುವ ದಿನಗಳು, ಮುಂದೆ ಲೇಆಫ್ ಆದರೆ ಯಾರನ್ನ ಮೊದಲು ಕಳಿಸ್ತಾರೆ ಅನ್ನೋದೂ ಸೇರಿ ಹದಿನಾಲ್ಕು ಸಾಲು. ಮೊದಲ ಸಲ ಕೂಡಿಸಿದಾಗ ಡೇಟಾ ಟೀಮಿಗೆ ಒಂಬತ್ತು ಅಂಕ ಜಾಸ್ತಿ ಬಂತು. ಎದೆ ಧಸಕ್ ಅಂತು. ‘ಇಲ್ಲ, ಸ್ಥಿರತೆಗೆ ನಾನು ಕಮ್ಮಿ ಅಂಕ ಕೊಟ್ಟಿದ್ದೀನಿ’ ಅಂತ ತಿದ್ದಿದೆ. ಎರಡು ದಿನ ಬಿಟ್ಟು ಮತ್ತೊಂದು ಸಾಲು ತಿದ್ದಿದೆ. ಎರಡೂ ಕಡೆ ಸಮ ಆಗುವವರೆಗೆ ನನಗೆ ಸಮಾಧಾನ ಇರ್ತಿರಲಿಲ್ಲ. ಸಮ ಆದ ಮೇಲೆ, ‘ನೋಡು, ಡಿಸೈಡ್ ಮಾಡೋದು ಎಷ್ಟು ಕಷ್ಟ’ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ. ಆ ಶೀಟ್ ಈಗಲೂ ಇದೆ. ನೋಡಿದರೆ ನಗು ಬರುತ್ತೆ, ಸ್ವಲ್ಪ ನಾಚಿಕೆನೂ.

ಇನ್ನು ಸಲಹೆ ಕೇಳಿದ್ದು. ಏಳು ಜನರನ್ನ ಕೇಳಿದೆ. ಮೂವರು ಹೋಗು ಅಂದರು, ಮೂವರು ಬೇಡ ಅಂದರು, ಸೋದರಮಾವ ‘ಮೊದ್ಲು ಮದುವೆ ಮಾಡ್ಕೋ’ ಅಂದರು. ಕೇಳುವಾಗ ಏನೋ ಮಾಡ್ತಿದ್ದೀನಿ ಅನ್ನಿಸುತ್ತೆ ನೋಡಿ, ಅದೇ ಅಪಾಯ. ಓದೋದು, ಕೇಳೋದು, ಪಟ್ಟಿ ಮಾಡೋದು, ಇವೆಲ್ಲ ಕೆಲಸದ ವೇಷ ಹಾಕಿಕೊಂಡು ಬರ್ತವೆ. ಸುಮ್ಮನೆ ಕೂತಿದ್ದರೆ ತಪ್ಪಿತಸ್ಥ ಭಾವನೆಯಾದರೂ ಕಾಡ್ತಿತ್ತು.

ಡಿಸೆಂಬರಿನಲ್ಲಿ ಅಮ್ಮನ ಫೋನ್ ಬಂತು. ‘ಅಪ್ಪಂಗೆ ಕಾಲಲ್ಲಿ ಸ್ವಲ್ಪ ಗಾಯ ಆಗಿದೆ, ತುಮಕೂರಿಗೆ ಕರ್ಕೊಂಡು ಬಂದಿದ್ದೀವಿ, ನೀನೇನೂ ಗಾಬರಿ ಮಾಡ್ಕೋಬೇಡ’ ಅಂದಳು. ಅಮ್ಮ ಗಾಬರಿ ಮಾಡ್ಕೋಬೇಡ ಅಂದರೆ ಎಷ್ಟು ಗಾಬರಿ ಆಗಬೇಕೋ ಅಷ್ಟೂ ಆಯ್ತು. ಹೊಸ ಚಪ್ಪಲಿಯ ಪಟ್ಟಿ ಉಜ್ಜಿ ಕಿರುಬೆರಳ ಹತ್ತಿರ ಗಾಯ ಆಗಿದೆ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಪಾದದ ನರಗಳು ಸೋತು ನೋವೇ ಗೊತ್ತಾಗಲ್ಲ. ಗೊತ್ತಾದ ಮೇಲೂ ಮೂರು ವಾರ ಅರಿಶಿನ ಹಚ್ಚಿಕೊಂಡು ಯಾರಿಗೂ ಹೇಳದೆ ಓಡಾಡಿದ್ದಾರೆ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ತೆಗೆಯಲೇಬೇಕಾಯ್ತು.

ವಾರ್ಡಿನಲ್ಲಿ ನಾನು ಅಪ್ಪನ ಮೇಲೆ ರೇಗಿದೆ. ‘ಯಾಕಪ್ಪಾ ಹೇಳ್ಲಿಲ್ಲ? ಒಂದು ಫೋನ್ ಮಾಡೋಕೆ ಏನಾಗಿತ್ತು?’ ಅಪ್ಪ ಗೋಡೆ ಕಡೆ ನೋಡಿಕೊಂಡು, ‘ಸೋಮವಾರ ತೋರಿಸೋಣ, ಸೋಮವಾರ ತೋರಿಸೋಣ ಅಂತಿದ್ದೆ ಪುಟ್ಟಿ’ ಅಂದರು. ಅಷ್ಟರಲ್ಲಿ ಕೌಂಟರಿನವರು ಇನ್ಶೂರೆನ್ಸ್ ಕಾರ್ಡ್ ಕೇಳಿದರು. ಬ್ಯಾಗ್ ಹುಡುಕುವಾಗ ಆ ಚೀಟಿ ಅಪ್ಪನ ಹಾಸಿಗೆ ಮೇಲೆ ಬಿತ್ತು. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಯಾವ ಕಾಗದ ಕೈಗೆ ಬಂದರೂ ಮೊದಲು ನೋಡೋದು ತಾರೀಖು. ನೋಡಿದರು. ‘ಫೆಬ್ರವರಿ’ ಅಂದರು. ಮಡಿಚಿ ವಾಪಸ್ ಕೊಟ್ಟರು. ಅಷ್ಟೇ.

ಸಿನಿಮಾ ಆಗಿದ್ದರೆ ನಾನು ಮಾರನೇ ದಿನವೇ ಲ್ಯಾಬಿನ ಮುಂದೆ ನಿಂತಿರ್ತಿದ್ದೆ. ನಿಜ ಹೇಳ್ತೀನಿ, ಅದಾದ ಮೇಲೂ ನಾನು ಟೆಸ್ಟ್ ಮಾಡಿಸಲಿಲ್ಲ. ಇನ್ನೂ ಮೂರು ವಾರ ತಳ್ಳಿದೆ. ಅಪ್ಪನ ಕಾಲು ನೋಡಿದ ಮೇಲೆ ಭಯ ಹೆಚ್ಚಾಯ್ತು, ಭಯ ಹೆಚ್ಚಾದಷ್ಟೂ ಆ ನಂಬರ್ ನೋಡೋಕೆ ಮನಸ್ಸು ಬರಲಿಲ್ಲ. ಹೆದರಿಸಿದರೆ ಜನ ಸರಿ ಹೋಗ್ತಾರೆ ಅನ್ನುವ ಮಾತಿನಲ್ಲಿ ನನಗೆ ಅವತ್ತಿನಿಂದ ನಂಬಿಕೆ ಹೋಗಿದೆ.

ಅಪ್ಪನ ಜೊತೆ ಊರಲ್ಲಿ ಕಳೆದ ಆ ಕೆಲವು ದಿನಗಳಲ್ಲಿ ಒಂದು ಮಾತು ಬಂತು, ಬರೀಲೇಬೇಕು. ನಮ್ಮ ಕಡೆಯವರಿಗೆ ಗೊತ್ತಿರುತ್ತೆ, ಉಂಡೆಕೊಬ್ಬರಿ ಮಾಡೋದು ಅಂದರೆ ಕಾಯುವ ಕೆಲಸ. ಕಾಯಿಗಳನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಅಲ್ಲಿವರೆಗೆ ಅವಸರ ಮಾಡುವ ಹಾಗಿಲ್ಲ. ಆದರೆ ಒಣಗಿದ ಮೇಲೂ ಕೆಲವರು ಇಳಿಸಲ್ಲ, ರೇಟ್ ಏರಲಿ ಅಂತ ಕೂರ್ತಾರೆ. ಕಾದು ಗೆದ್ದವರೂ ಇದ್ದಾರೆ ಅಂತ ಅಪ್ಪನೇ ಹೇಳಿದರು. ‘ಆದ್ರೆ ಅಟ್ಟದ ಮೇಲೆ ಕಾಯಿ ಸುಮ್ನೆ ಇರಲ್ಲ. ಹುಳ ಹಿಡಿಯುತ್ತೆ, ಇಲಿ ತಿನ್ನುತ್ತೆ, ತೂಕ ಇಳಿಯುತ್ತೆ. ಒಣಗಲಿ ಅಂತ ಕಾಯೋದು ಬೇರೆ, ಇಳಿಸೋಕೆ ಬೇಜಾರು ಅಂತ ಕಾಯೋದು ಬೇರೆ. ಕೇಳಿದ್ರೆ ಎಲ್ಲರೂ ರೇಟಿಗೆ ಕಾಯ್ತಿದ್ದೀವಿ ಅಂತಾರೆ.’ ಬ್ಯಾಂಡೇಜ್ ಕಟ್ಟಿದ ಕಾಲನ್ನ ಸ್ಟೂಲಿನ ಮೇಲೆ ಇಟ್ಟುಕೊಂಡು ಹೇಳಿದ್ದರಿಂದಲೋ ಏನೋ, ಅವರು ಯಾರ ಬಗ್ಗೆ ಹೇಳ್ತಿದ್ದಾರೆ ಅಂತ ನಾನು ಕೇಳಲಿಲ್ಲ.

ಕೊನೆಗೂ ಟೆಸ್ಟ್ ಆಗಿದ್ದು ನನ್ನ ರೂಮ್‌ಮೇಟ್‌ನಿಂದ. ಜನವರಿಯ ಒಂದು ಗುರುವಾರ ರಾತ್ರಿ, ವಿಜಯನಗರದ ನಮ್ಮ ಮನೆಯಲ್ಲಿ ಇಬ್ಬರೂ ಮ್ಯಾಗಿ ತಿಂತಿದ್ದೆವು. ನಾನು ಎಂದಿನಂತೆ ಟೆಸ್ಟ್ ಮಾಡಿಸಬೇಕು ಕಣೇ ಅಂತ ರಾಗ ಎಳೆದೆ. ಅವಳು ಉಪದೇಶ ಮಾಡಲಿಲ್ಲ. ತನ್ನ ಫೋನ್ ತೆಗೆದು, ‘ಶನಿವಾರನಾ, ಭಾನುವಾರನಾ?’ ಅಂದಳು. ನಾನು ಯೋಚನೆ ಮಾಡದೆ ಶನಿವಾರ ಅಂದೆ. ‘6.30ನಾ, 7ನಾ?’ 6.30. ‘ಆಯ್ತು, ಮನೆಗೇ ಬರ್ತಾರೆ. ಶುಕ್ರವಾರ ರಾತ್ರಿ 9ರ ಮೇಲೆ ನೀರು ಬಿಟ್ಟು ಏನೂ ತಿನ್ನಬೇಡ. ದುಡ್ಡು ನಾನು ಕಟ್ಟಿದ್ದೀನಿ, ನಾಳೆ ಜಿಪೇ ಮಾಡು.’ ಒಂದು ನಿಮಿಷ ಹಿಡಿದಿರಬಹುದು. ಹನ್ನೊಂದು ತಿಂಗಳು ನಾನು ‘ಮಾಡಿಸ್ಲಾ, ಬೇಡ್ವಾ’ ಅಂತಲೇ ಕೇಳ್ಕೊಂಡಿದ್ದೆ. ಆ ಪ್ರಶ್ನೆಯನ್ನ ಅವಳು ಕೇಳಲೇ ಇಲ್ಲ.

ಆಮೇಲೆ ಇದರ ಬಗ್ಗೆ ಹುಡುಕಿದಾಗ (ಹುಡುಕುವ ಚಟ ಹೋಗಿಲ್ಲ ನೋಡಿ) 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ ಸಿಕ್ಕಿತು. ಮಿಲ್ನ್, ಆರ್ಬೆಲ್, ಶೀರನ್ ಎಂಬ ಮೂವರು ಸಂಶೋಧಕರು ವಿದ್ಯಾರ್ಥಿಗಳನ್ನ ಮೂರು ಗುಂಪು ಮಾಡಿದ್ದರು. ಒಂದು ವಾರದಲ್ಲಿ ಒಂದು ಸಲ 20 ನಿಮಿಷ ವ್ಯಾಯಾಮ ಮಾಡಬೇಕು, ಅಷ್ಟೇ. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಅದರಲ್ಲಿ 38% ಜನ ಮಾಡಿದರು. ಎರಡನೇ ಗುಂಪಿಗೆ ಹೃದ್ರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲ ಓದಿಸಿದರು; 35%. ಮೂರನೇ ಗುಂಪಿಗೆ ಅದನ್ನೂ ಓದಿಸಿ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಮಾಡ್ತೀರಿ ಅಂತ ಬರೆಸಿಕೊಂಡರು, 91%. ಇದನ್ನ ಓದಿ ‘ಬರೆದರೆ ಜೀವನ ಬದಲಾಗುತ್ತೆ’ ಅಂತ ಕುಣೀಬೇಡಿ. ಅದು ಒಂದು ವಾರದ, ಇಪ್ಪತ್ತು ನಿಮಿಷದ ಮಾತು, ಅವರೂ ಕಾಲೇಜು ಹುಡುಗರು. ಆದರೆ ನನಗೆ ಬೇಕಾಗಿದ್ದದ್ದೂ ಒಂದು ಬೆಳಗ್ಗೆಯ ಹತ್ತು ನಿಮಿಷ ಮಾತ್ರ ತಾನೇ?

ಶನಿವಾರ 6.40ಕ್ಕೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಒಬ್ಬ ಹುಡುಗ ಬಂದ. ‘ಮೇಡಂ, ಕೈ ಸ್ವಲ್ಪ ಮಡಚಿ ಬಿಡಿ’ ಅಂದ. ಎರಡು ಟ್ಯೂಬ್ ತುಂಬಿಕೊಂಡು, ಸ್ಟಿಕ್ಕರ್ ಅಂಟಿಸಿ, ಹೋದ. ಕಾಫಿ ಕಾಯಿಸುವಷ್ಟೂ ಹೊತ್ತು ಹಿಡೀಲಿಲ್ಲ. ಸಂಜೆ ರಿಪೋರ್ಟ್ ಬಂತು. ಫಾಸ್ಟಿಂಗ್ 112, ಎಚ್‌ಬಿಎ1ಸಿ 6.1.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಮೊದಲು ನೋಡಿದ್ದು ನನ್ನ ಹಿಮೋಗ್ಲೋಬಿನ್. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಲೆಕ್ಕ ತಪ್ಪು ತೋರಿಸಬಹುದಂತೆ, ನಮ್ಮ ಹೆಣ್ಣುಮಕ್ಕಳು ಇದನ್ನ ನೆನಪಿಟ್ಟುಕೊಳ್ಳಿ. ನನ್ನದು ಸರಿ ಇತ್ತು. ‘ಇದು ಕಾಯಿಲೆ ಅಲ್ಲ, ಕಾಯಿಲೆಯ ಬಾಗಿಲು’ ಅಂದರು. ಈ ಬಾಗಿಲಲ್ಲಿ ನಾನೊಬ್ಬಳೇ ನಿಂತಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಅಂಚಿನಲ್ಲಿರುವವರು 13.6 ಕೋಟಿ. ಅಂಚಿನಿಂದ ಹಿಂದೆ ಬರೋಕೆ ಆಗುತ್ತಾ ಅಂದರೆ, ಚೆನ್ನೈನವರು ಮಾಡಿದ ಭಾರತೀಯ ಮಧುಮೇಹ ತಡೆ ಅಧ್ಯಯನ (2006) ಇದೆ. ಹೀಗೆ ಅಂಚಿನಲ್ಲಿದ್ದು ಏನೂ ವಿಶೇಷ ಮಾಡದವರಲ್ಲಿ ಮೂರು ವರ್ಷಕ್ಕೆ 55% ಜನರಿಗೆ ಕಾಯಿಲೆ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ 39%. ಬದಲಿಸಿಕೊಂಡರೂ ಬಂದವರಿದ್ದಾರೆ, ಅದನ್ನ ಮುಚ್ಚಿಡಬಾರದು. ಆದರೂ ಆ ಎರಡು ಅಂಕಿಗಳ ನಡುವಿನ ಜಾಗ ಚಿಕ್ಕದಲ್ಲ.

ಹನ್ನೊಂದು ತಿಂಗಳ ಹಿಂದೆ ಮಾಡಿಸಿದ್ದರೆ ಎಷ್ಟಿರ್ತಿತ್ತು? 5.8? 6.1ಏ? ಗೊತ್ತಾಗುವ ದಾರಿಯೇ ಇಲ್ಲ. ಕಳೆದ ತಿಂಗಳುಗಳ ಬಗ್ಗೆ ನನಗೆ ಹೊಟ್ಟೆ ಉರಿಯೋದು ಇದಕ್ಕೇ.

ಬದಲಾವಣೆ ಅಂತ ಮಾಡಿದ್ದು ದೊಡ್ಡದೇನಲ್ಲ. ಜಿಮ್ ಸೇರಲಿಲ್ಲ, ಯಾವ ಜಿಮ್ ಅಂತ ನೋಡೋಕೆ ಶುರು ಮಾಡಿದರೆ ಮತ್ತೊಂದು ಎಕ್ಸೆಲ್ ಶೀಟ್ ಆಗ್ತಿತ್ತು. ವೈಟ್‌ಫೀಲ್ಡ್ ಕಡೆಯಿಂದ ಸಂಜೆ ಮೆಟ್ರೊದಲ್ಲಿ ವಾಪಸ್ ಬರುವಾಗ ಒಂದು ಸ್ಟೇಷನ್ ಮೊದಲೇ, ಹೊಸಹಳ್ಳಿಯಲ್ಲಿ ಇಳಿದು ನಡೀತೀನಿ. ಊಟ ಆದ ತಕ್ಷಣ ಕೂರೋ ಬದಲು ಹತ್ತು ಹದಿನೈದು ನಿಮಿಷ ಟೆರೇಸ್ ಮೇಲೆ ಓಡಾಟ. ಅನ್ನ ಒಂದು ಕಪ್, ಪಲ್ಯ, ಕಾಳು ಜಾಸ್ತಿ. ಅನ್ನ ಬಿಟ್ಟು ಮುದ್ದೆ ತಿಂತೀನಿ ಅಂತ ಹೆಮ್ಮೆಯಿಂದ ಹೇಳಿದಾಗ ಡಾಕ್ಟರಮ್ಮ ನಕ್ಕರು: ‘ತಿನ್ನಿ, ಒಳ್ಳೇದು. ಆದ್ರೆ ರಾಗೀಲಿರೋದೂ ಹೆಚ್ಚಾಗಿ ಪಿಷ್ಟವೇ. ಎರಡು ಮುದ್ದೆ ತಿಂದ್ರೆ ಎರಡು ಮುದ್ದೆನೇ ಲೆಕ್ಕ.’ ನಮ್ಮ ಮನೆಯಲ್ಲಿ ಈ ಸತ್ಯ ಒಪ್ಪಿಸೋಕೆ ನಾನಿನ್ನೂ ಹೆಣಗಾಡ್ತಿದ್ದೀನಿ.

ಈಗ ಆಫೀಸಿನ ವಿಷಯ. ರಿಪೋರ್ಟ್ ಬಂದ ಮುಂದಿನ ಮಂಗಳವಾರ ಮಧ್ಯಾಹ್ನ 3ಕ್ಕೆ ಮ್ಯಾನೇಜರ್ ಹತ್ತಿರ ಹದಿನೈದು ನಿಮಿಷ ಕೇಳಿ ಕ್ಯಾಲೆಂಡರಿನಲ್ಲಿ ಹಾಕಿದೆ. ರೂಮ್‌ಮೇಟ್ ಮಾಡಿದ್ದನ್ನೇ ನಾನೂ ಮಾಡಿದ್ದು, ಹೋಗ್ಲಾ ಬೇಡ್ವಾ ಅಂತ ಕೇಳ್ಕೊಳ್ಳದೆ ಹೊತ್ತು ಗೊತ್ತು ಮಾಡಿದ್ದು. ಏನು ಹೇಳಬೇಕು ಅನ್ನೋದನ್ನ ಒಂದೇ ವಾಕ್ಯ ಬರೆದುಕೊಂಡಿದ್ದೆ: ‘ನನಗೆ ಡೇಟಾ ಟೀಮಿಗೆ ಹೋಗಬೇಕು ಅಂತಿದೆ.’ ಹೇಳಿಯೂಬಿಟ್ಟೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ‘ಮೊದ್ಲೇ ಹೇಳ್ಬಾರ್ದಿತ್ತಾ? ಮಾರ್ಚಲ್ಲಿ ಆ ಜಾಗ ಬಂದಾಗ ನಿನ್ನ ಹೆಸರೇ ಹೇಳೋಣ ಅನ್ಕೊಂಡಿದ್ದೆ. ನೀನು ಅರ್ಜಿನೇ ಹಾಕ್ಲಿಲ್ಲ, ಇಲ್ಲೇ ಆರಾಮಾಗಿದ್ದೀಯ ಅಂದ್ಕೊಂಡೆ.’

ಆ ಜಾಗಕ್ಕೆ ಹೋದ ಹುಡುಗ ನಮ್ಮ ಟೀಮಿನವನೇ. ಸೇರಿದಾಗ ಮೊದಲ ಮೂರು ತಿಂಗಳು ಅವನಿಗೆ ಕೆಲಸ ಕಲಿಸಿದ್ದು ನಾನು. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಅವನು ಯಾವ ಶೀಟೂ ಮಾಡಿರಲಿಕ್ಕಿಲ್ಲ. ಅವತ್ತು ಮೀಟಿಂಗ್ ರೂಮಿನಿಂದ ಹೊರಗೆ ಬಂದವಳು ವಾಶ್‌ರೂಮಿಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ನಾನು ಏನೂ ತೀರ್ಮಾನ ಮಾಡಿಲ್ಲ ಅಂತ ಅಂದ್ಕೊಂಡಿದ್ದ ಅಷ್ಟೂ ತಿಂಗಳು, ಉಳಿದವರೆಲ್ಲ ನನ್ನ ತೀರ್ಮಾನ ಆಗಿಹೋಗಿದೆ ಅಂತಲೇ ತಿಳ್ಕೊಂಡಿದ್ದರು.

ಹಾಗಂತ ಎಲ್ಲದಕ್ಕೂ ದಡಬಡ ಹಾರಿ ಅಂತ ನಾನು ಹೇಳ್ತಿಲ್ಲ. ಮನೆ ಸಾಲ ಇದ್ದು ಕೆಲಸ ಬಿಡೋದು, ಆಪರೇಷನ್ ಮಾಡಿಸ್ಕೊಳ್ಳೋದು, ಇಂಥವಕ್ಕೆ ಎರಡನೇ ಅಭಿಪ್ರಾಯ ಬೇಕು, ಸಮಯ ಬೇಕು. ಅಪ್ಪನ ಭಾಷೆಯಲ್ಲಿ ಅವು ಒಣಗಬೇಕಾದ ಕಾಯಿಗಳು. ಆದರೆ ರಕ್ತ ಪರೀಕ್ಷೆಯಲ್ಲಿ ಒಣಗೋದು ಏನಿತ್ತು? ಮ್ಯಾನೇಜರ್ ಹತ್ತಿರ ಒಂದು ವಾಕ್ಯ ಹೇಳೋದರಲ್ಲಿ? ಅವರು ಇಲ್ಲ ಅಂದಿದ್ದರೆ ನನ್ನ ಹಳೇ ಸೀಟು ಹಳೇ ಜಾಗದಲ್ಲೇ ಇರ್ತಿತ್ತು.

ಸದ್ಯಕ್ಕೆ ವಾರದಲ್ಲಿ ಎರಡು ದಿನ ಡೇಟಾ ಟೀಮಿನ ಕೆಲಸ, ಮೂರು ದಿನ ಹಳೇ ಬಗ್ಗುಗಳು. ಜಾಗ ಖಾಲಿ ಆದರೆ ನೋಡೋಣ ಅಂದಿದ್ದಾರೆ. ಆಗದೆಯೂ ಇರಬಹುದು. ಆ ಹುಡುಗನೇ ಈಗ ನನಗೆ ಕೆಲಸ ಹೇಳಿಕೊಡ್ತಾನೆ, ‘ಅಕ್ಕ, ಇದು ಹೀಗಲ್ಲ, ಹೀಗೆ’ ಅಂತ. ಮೊದಲ ವಾರ ಮುಜುಗರ ಆಯ್ತು, ಈಗ ಇಲ್ಲ.

ಏಪ್ರಿಲ್‌ನಲ್ಲಿ ಮತ್ತೆ ಟೆಸ್ಟ್ ಮಾಡಿಸಿದೆ. 5.9. ‘ಇಳಿದಿದೆ, ಆದ್ರೆ ಸ್ವೀಟ್ ಹಂಚೋಕೆ ಹೋಗ್ಬೇಡಿ’ ಅಂದರು ಡಾಕ್ಟರಮ್ಮ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರೀಗ ದಿನಾ ರಾತ್ರಿ ಕನ್ನಡಿ ಹಿಡಿದು ಪಾದದ ಅಡಿ ನೋಡ್ಕೊಳ್ತಾರೆ, ಅಮ್ಮ ಪಕ್ಕದಲ್ಲಿ ಟಾರ್ಚ್ ಬಿಡ್ತಾಳೆ. ನಂಬರ್ ಕೇಳಿ ಹೂಂ ಅಂದರು. ‘ಮುಂದಿಂದು ಯಾವತ್ತು?’ ಅಂದರು. ಅಕ್ಟೋಬರ್ ಎರಡನೇ ಶನಿವಾರ, ಬೆಳಗ್ಗೆ 6.30 ಅಂದೆ. ‘ತಾಳು’ ಅಂತ ಫೋನ್ ಕೆಳಗಿಟ್ಟರು. ಗೋಡೆಯ ಕ್ಯಾಲೆಂಡರ್ ಹಾಳೆಗಳನ್ನ ಒಂದೊಂದಾಗಿ ಮಗುಚುವ ಸದ್ದು ಕೇಳಿಸ್ತಿತ್ತು.